ಪದಚರ್ಚೆ: ‘ಮೇ ನಾಟ್’ ಎಂದರೆ ‘ಬಾರದು’ ಅಷ್ಟೇಯೇ? (ತುರ್ತು, ಫಲಕಕ್ಕೆ)

ಬಲ್ಲವರಿಗೆ ನಮಸ್ಕಾರ.

ಒಂದು ಯಂತ್ರದ ಕೈಪಿಡಿ ಮತ್ತು ಆ ಕೋಣೆಯ ಬಾಗಿಲಿಗೆ ಹಾಕುವ ಫಲಕ ಕನ್ನಡಕ್ಕೆ ಬರಬೇಕಿದೆ. ಫಲಕ ಇವತ್ತು ಸಂಜೆ ಮುದ್ರಣಕ್ಕೆ ಹೋಗುತ್ತದೆ. ತೊಡಕು ಕೊಡುತ್ತಿರುವ ವಾಕ್ಯಗಳು:

ಅ) ವಿಸಿಟರ್ಸ್ ಮೇ ನಾಟ್ ಎಂಟರ್ ವೈಲ್ ದ ರೆಡ್ ಲ್ಯಾಂಪ್ ಈಸ್ ಆನ್.
ಆ) ದ ಪಂಪ್ ಮೇ ನಾಟ್ ಸ್ಟಾರ್ಟ್ ಇಫ್ ದ ಪ್ರೆಶರ್ ಈಸ್ ಲೋ.
ಇ) ದಿ ಆಪರೇಟರ್ ಮೇ ಸ್ಟಾಪ್ ದ ಮೆಷಿನ್ ಅಟ್ ಎನಿ ಟೈಮ್.
ಈ) ದ ಕವರ್ ಕ್ಯಾನ್ ಗೆಟ್ ಹಾಟ್.
ಉ) ದ ಡ್ಯಾಮೇಜ್ ಮೈಟ್ ಹ್ಯಾವ್ ಬೀನ್ ಅವಾಯ್ಡೆಡ್.

ಮೊದಲ ಕರಡಿನಲ್ಲಿ ಅ, ಆ ಎರಡಕ್ಕೂ ‘ಬಾರದು’ ಬಿದ್ದಿದೆ. ‘ಒತ್ತಡ ಕಡಿಮೆಯಿದ್ದರೆ ಪಂಪು ಶುರುವಾಗಬಾರದು’ ಎಂದು ಓದಿದರೆ ಪಂಪಿಗೆ ಬುದ್ಧಿ ಹೇಳಿದಂತಿದೆ. ಈ-ಗೆ ‘ಬಹುದು’ ಹಾಕಿದರೆ ಬಿಸಿಯಾಗಲು ಅನುಮತಿ ಕೊಟ್ಟ ಹಾಗಾಗುತ್ತದೆಯೇ?

– ಸು.

----

ಸು. ಅವರೇ,

ಇಂಗ್ಲಿಷಿನ ‘ನಾಟ್’ ಎಲ್ಲಿಗೆ ಅಂಟುತ್ತದೆ ಎಂಬುದೇ ಇಲ್ಲಿನ ಗಂಟು. ಅ-ದಲ್ಲಿ ಅದು ‘ಮೇ’ಗೆ ಅಂಟಿದೆ: ಅನುಮತಿಯೇ ಇಲ್ಲ. ಆ-ದಲ್ಲಿ ಮುಂದಿನ ಕ್ರಿಯಾಪದಕ್ಕೆ ಅಂಟಿದೆ: ಶುರುವಾಗದಿರುವ ಸಂಭವ ಇದೆ. ಬರವಣಿಗೆಯಲ್ಲಿ ಎರಡೂ ಒಂದೇ. ಕನ್ನಡದಲ್ಲಿ ನಿಷೇಧ ಕೂರುವ ಜಾಗವೇ ಬೇರೆಯಾಗುವುದರಿಂದ ಗೊಂದಲಕ್ಕೆ ಆಸ್ಪದವಿಲ್ಲ:

ಅ) …ಒಳಗೆ ಬರಕೂಡದು.
ಆ) …ಪಂಪು ಶುರುವಾಗದೆ ಇರಬಹುದು.

ಯಾವುದು ಯಾವುದೆಂದು ಗುರುತಿಸಲು: ಕರ್ತೃ ಜಡವಸ್ತುವಾಗಿದ್ದರೆ ಬಹುಮಟ್ಟಿಗೆ ಸಂಭವ. ಕರ್ತೃ ‘ಯೂ’ ಅಥವಾ ಒಬ್ಬ ಮನುಷ್ಯ, ಕ್ರಿಯೆ ಅವನ ಇಚ್ಛೆಗೆ ಒಳಪಟ್ಟದ್ದು ಎಂದಾದರೆ ಅನುಮತಿಯನ್ನು ಮೊದಲು ಪರೀಕ್ಷಿಸಿ. ‘ಮೇ’ ಆದಮೇಲೆ ‘ಹ್ಯಾವ್’ ಬಂದರೆ (‘ಮೇ ಹ್ಯಾವ್ ಗಾನ್’) ಹೆಚ್ಚುಕಡಿಮೆ ಯಾವಾಗಲೂ ಸಂಭವವೇ, ಏಕೆಂದರೆ ಆಗಿಹೋದದ್ದಕ್ಕೆ ಯಾರೂ ಅಪ್ಪಣೆ ಕೊಡುವುದಿಲ್ಲ. ಪ್ರಶ್ನೆಯಲ್ಲಿ ‘ಮೇ ಐ’ ಎಂದರೆ ಅನುಮತಿ ಮಾತ್ರ. ಸಂಭವ ಕೇಳಬೇಕಾದರೆ ಇಂಗ್ಲಿಷಿನವರೂ ‘ಕುಡ್’ಗೋ ‘ಮೈಟ್’ಗೋ ಹೋಗುತ್ತಾರೆ.

ನಿಮ್ಮ ಮೂಲದ ಅ ವಾಕ್ಯವೇ ಕಳಪೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒದ ಮಾನಕಗಳನ್ನು ಬರೆಯುವ ನಿಯಮಗಳಲ್ಲಿ ‘ಮೇ’ ಅನುಮತಿಗೆ, ‘ಕ್ಯಾನ್’ ಸಾಮರ್ಥ್ಯ ಮತ್ತು ಸಾಧ್ಯತೆಗೆ ಎಂದು ಹಂಚಿಬಿಟ್ಟಿದ್ದಾರೆ. ನಿಷೇಧಕ್ಕೆ ‘ಶಾಲ್ ನಾಟ್’ ಬದಲು ‘ಮೇ ನಾಟ್’ ಬಳಸಬೇಡಿ ಎಂದೂ ಹೇಳಿದ್ದಾರೆ. ಕಾರಣ ಇದೇ ಗೊಂದಲ.

– ರಾ.

----

‘ಕೂಡದು’ ಏಕೆ, ‘ಬಾರದು’ ಸಾಲದೇ? ಒಂದು ಸೊಗಸು ನೋಡಿ. ‘ಬಹುದು’ ಎಂಬುದು ‘ಬರು’ ಧಾತುವಿನದು: ಬರ್ಪುದು, ಬಪ್ಪುದು, ಬಹುದು. ‘ಬಾರದು’ ಅದೇ ಧಾತುವಿನ ನಿಷೇಧ. ‘ಬರಬಹುದು’, ‘ಬರಬಾರದು’ ಎನ್ನುವಾಗ ಒಂದೇ ಧಾತು ಎರಡು ಸಲ ಬರುತ್ತದೆ. ‘ನನಗೆ ಈಜು ಬರುತ್ತದೆ’ ಎಂಬಲ್ಲೂ ಅದೇ. ಅನುಮತಿ, ಸಂಭವ, ಕಲಿತ ವಿದ್ಯೆ ಮೂರನ್ನೂ ಒಂದೇ ‘ಬರು’ ಹೊತ್ತಿದೆ.

ಇಂಗ್ಲಿಷಿನ ‘ಕ್ಯಾನ್’ ಇನ್ನೂ ಸ್ವಾರಸ್ಯ. ಹಳೆಯ ಇಂಗ್ಲಿಷಿನಲ್ಲಿ ಅದು ‘ಕುನ್ನನ್’, ಅರ್ಥ ‘ತಿಳಿದಿರು’. ನಮ್ಮ ‘ಬಲ್ಲ’ ಕೂಡ ತಿಳಿವಿನಿಂದಲೇ ಸಾಮರ್ಥ್ಯಕ್ಕೆ ಬಂದದ್ದು. ‘ಮೇ’ ಮೂಲದಲ್ಲಿ ‘ಶಕ್ತನಾಗಿರು’. ಬಲ ಎಂಬ ಅರ್ಥದ ‘ಮೈಟ್’ ಎಂಬ ನಾಮಪದ ಅದೇ ಬೇರಿನದು. ‘ಕುಡ್’ನ ಕಾಗುಣಿತದಲ್ಲಿರುವ ‘ಎಲ್’ಗೆ ಮೂಲದಲ್ಲಿ ಆಧಾರವೇ ಇಲ್ಲ, ‘ವುಡ್’, ‘ಶುಡ್’ ನೋಡಿ ಆಮೇಲೆ ತುರುಕಿದ್ದು. ಹಾಗಾಗಿ ‘ಕ್ಯಾನ್’ ಇರುವಲ್ಲೆಲ್ಲ ‘ಬಲ್ಲ’ ಹಾಕುವುದು ಧಾತುಶುದ್ಧಿಗೆ ಒಪ್ಪುತ್ತದೆ: ‘ಕವಚ ಬಿಸಿಯಾಗಬಲ್ಲದು’.

– ಕೆ.

----

> ಕವಚ ಬಿಸಿಯಾಗಬಲ್ಲದು

ಏನು ಪ್ರತಿಭಾವಂತ ಕವಚ! ಸ್ವಾಮಿ, ‘ಬಲ್ಲ’ ಎಂದೊಡನೆ ಕರ್ತೃವಿಗೆ ಒಂದು ಗುಣ, ಒಂದು ಸಾಮರ್ಥ್ಯ ಬಂದು ಕೂರುತ್ತದೆ. ಈ ಕ್ರೇನು ಐದು ಟನ್ ಎತ್ತಬಲ್ಲದು, ಸರಿ. ಸುಟ್ಟುಹಾಕುವ ಕವಚವನ್ನು ಹೊಗಳುವುದು ಯಾಕೆ? ಧಾತು ಎಲ್ಲಿಂದ ಬಂತು ಎಂಬುದು ಪದ ಇವತ್ತು ಏನು ಮಾಡುತ್ತಿದೆ ಎಂಬುದನ್ನು ತೀರ್ಮಾನಿಸುವುದಿಲ್ಲ.

ಇಲ್ಲಿನ ‘ಕ್ಯಾನ್’ ಸಾಮರ್ಥ್ಯದ್ದೂ ಅಲ್ಲ, ಅನುಮತಿಯದ್ದೂ ಅಲ್ಲ. ‘ಕೆಲವೊಮ್ಮೆ ಹಾಗಾಗುತ್ತದೆ’ ಎಂಬ ಸ್ವಭಾವದ್ದು. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ್ದು ‘ಉಂಟು’: ‘ಕವಚ ಬಿಸಿಯಾಗುವುದುಂಟು’.

– ವಿ.

----

ಇಷ್ಟು ಹೊತ್ತಾದರೂ ಸಂಭಾವನಾರ್ಥಕ ರೂಪವನ್ನು ಒಬ್ಬರೂ ನೆನೆಯದಿರುವುದು ವಿಚಿತ್ರ. ಬಂದಾನು, ಬಂದಾಳು, ಬಂದೀತು, ಬಂದಾರು, ಬಂದೇನು. ಅನುಮತಿಯ ಸೋಂಕಿಲ್ಲದ ಅಚ್ಚ ಸಂಭವ. ‘ಮೈಟ್’ಗೆ ಇದಕ್ಕಿಂತ ಬೇರೆ ಬೇಕೇ? ಇದನ್ನು ಮೂಲೆಗೆ ತಳ್ಳಿ, ‘ಬಿಸಿಯಾಗುವ ಸಾಧ್ಯತೆ ಇರುತ್ತದೆ’ ಎಂದು ಸಂಸ್ಕೃತದ ಮೂಟೆ ಹೊರುವವರು ಅನುವಾದಕರೇ ಅಲ್ಲ. ‘ಕವಚ ಬಿಸಿಯಾದೀತು’. ಎರಡೇ ಪದ.

– ಶಂ.

----

ಶಂ. ಅವರೇ, ರೂಪ ಚೆನ್ನಾಗಿದೆ, ಜಾಗ ತಪ್ಪಿದೆ. ‘ಬಿದ್ದೀಯ, ಜೋಕೆ’ ಎಂಬಲ್ಲಿ ಕಾಣುವಂತೆ ‘-ಈತು’, ‘-ಈಯ’ಗಳಲ್ಲಿ ಮುಂದೆ ನಡೆಯಬಹುದಾದ ಒಂದು ಘಟನೆಯ ಊಹೆ ಅಥವಾ ಆತಂಕ ಇದೆ. ‘ಮುಟ್ಟಬೇಡಿ, ಕೈ ಸುಟ್ಟೀತು’ ಎಂಬುದಕ್ಕೆ ಅದು ಅತ್ಯುತ್ತಮ. ಕವಚದ ಸ್ವಭಾವ ಹೇಳಲು ‘ಉಂಟು’ವೇ ಸರಿ. ಇನ್ನು ಪಂಪಿನ ವಾಕ್ಯಕ್ಕೆ (ಆ) ನಿಷೇಧ ಬೇಕು. ‘ಬಂದೀತು’ಗೆ ಎದುರಾಗಿ ಬಳಕೆಯಲ್ಲಿ ನಿಲ್ಲುವುದು ‘ಬರಲಿಕ್ಕಿಲ್ಲ’. ಅದು ‘ಬಹುಶಃ ಬರುವುದಿಲ್ಲ’ ಎಂಬಷ್ಟು ಗಟ್ಟಿ, ‘ಮೇ ನಾಟ್’ ಅಷ್ಟು ಹೇಳುತ್ತಿಲ್ಲ. ಸಾಲದ್ದಕ್ಕೆ ಕರಾವಳಿಯ ಓದುಗರಿಗೆ ‘ಹೋಗಲಿಕ್ಕಿಲ್ಲ’ ಎಂದರೆ ‘ಹೋಗಕೂಡದು’ ಎಂದೂ ಆಗುತ್ತದೆ. ಕೈಪಿಡಿಯಲ್ಲಿ ಅದನ್ನು ಮುಟ್ಟಬೇಡಿ.

ಸು. ಅವರಿಗೆ ಉಳಿದ ಎರಡು.

ಇ) ‘ಚಾಲಕರು ಯಂತ್ರವನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು.’ ಇಲ್ಲಿ ‘ನಿಲ್ಲಿಸು’ ಎಂಬ ಸಕರ್ಮಕವೇ ಅನುಮತಿಯನ್ನು ಕಾಯುತ್ತಿದೆ. ಪದ ಉಳಿಸಲು ಹೋಗಿ ‘ಯಂತ್ರ ಯಾವಾಗ ಬೇಕಾದರೂ ನಿಲ್ಲಬಹುದು’ ಎಂದರೆ ಕೆಟ್ಟು ನಿಲ್ಲುವ ಯಂತ್ರವಾಗುತ್ತದೆ.

ಉ) ‘ಮೈಟ್ ಹ್ಯಾವ್’ಗೆ ಎರಡು ಮುಖ. ತಪ್ಪಿಸಲು ದಾರಿಯಿತ್ತು, ತಪ್ಪಿಸಲಿಲ್ಲ ಎಂದಾದರೆ ‘ಹಾನಿಯನ್ನು ತಪ್ಪಿಸಬಹುದಿತ್ತು’. ತಪ್ಪಿತೋ ಇಲ್ಲವೋ ಇನ್ನೂ ತಿಳಿದಿಲ್ಲ ಎಂದಾದರೆ ‘ಹಾನಿ ತಪ್ಪಿರಬಹುದು’. ಮೂಲದಲ್ಲಿ ಹಿಂದಿನ ಸಾಲು ನೋಡದೆ ಆರಿಸಬೇಡಿ. ಯಂತ್ರಾನುವಾದ ಇಲ್ಲಿ ಎಡವೀತು. ‘ಮೇ ಹ್ಯಾವ್’ ಇದ್ದರೆ ಶಿಷ್ಟ ಬಳಕೆಯಲ್ಲಿ ಎರಡನೆಯ ಅರ್ಥವೇ.

ಕೈಪಿಡಿಯಲ್ಲಿ ‘ಕೆನಾಟ್’ ಕೂಡ ಸಿಕ್ಕೀತು. ‘ನಿಲ್ಲಿಸಲಾಗುವುದಿಲ್ಲ’ ಎಂದು ಕೂಡಿಸಿ ಬರೆದರೆ ‘ಯಾರೂ ನಿಲ್ಲಿಸುವುದಿಲ್ಲ’ ಎಂಬ ಕರ್ಮಣಿ ಅರ್ಥವೂ ಹೊರಡುತ್ತದೆ. ‘ನಿಲ್ಲಿಸಲು ಆಗುವುದಿಲ್ಲ’ ಎಂದು ಬಿಡಿಸಿ ಬರೆಯಿರಿ.

– ರಾ.

----

> ಸಂಸ್ಕೃತದ ಮೂಟೆ

‘ಸಂಭಾವನಾರ್ಥಕ’ ಯಾವ ಭಾಷೆಯದ್ದಪ್ಪ? ‘ಅನುಮತಿ’ ಸಂಸ್ಕೃತ, ‘ಪರವಾನಗಿ’ ಪಾರ್ಸಿ, ‘ಪರ್ಮಿಟ್’ ಇಂಗ್ಲಿಷು. ಮೂರನ್ನೂ ಎಸೆದು ಸಂಜೆಯೊಳಗೆ ಫಲಕ ಬರೆಯಿರಿ ನೋಡೋಣ. ಅಂದ ಹಾಗೆ ‘ಕ್ಯಾನ್’ ಮತ್ತು ಸಂಸ್ಕೃತದ ‘ಜ್ಞಾ’ ಒಂದೇ ಮೂಲದವು. ‘ಬಲ್ಲ’ದ ಮೋಹವಿರುವವರು ‘ಜ್ಞಾನ’ವನ್ನೂ ಒಪ್ಪಲಿ.

– ಕೆ.

----

ಹೆಸರು ಸಂಸ್ಕೃತದ್ದು, ರೂಪ ನಮ್ಮದು. ‘ಅನುಮತಿ’ ಬದಲು ‘ಒಪ್ಪಿಗೆ’ ಇದೆ. ಒಂದೇ ಮೂಲದ್ದಾದರೆ ಎರವಲಿಗೆ ರಹದಾರಿ ಸಿಕ್ಕಿತೇ? ಈ ವಾದ ನೂರು ಸಲ ಕೇಳಿದ್ದೇನೆ.

– ಶಂ.

----

‘ರಹದಾರಿ’ಯ ‘ರಹ’ ಪಾರ್ಸಿಯದು.

ಎರವಲಿನ ಜಗಳಕ್ಕೆ ಈ ಎಳೆ ತಕ್ಕ ಜಾಗವೂ ಅಲ್ಲ. ಇಂಗ್ಲಿಷಿನಲ್ಲಿ ‘ಪರ್ಮಿಷನ್’, ‘ಪಾಸಿಬಲ್’ ಎರಡೂ ಲ್ಯಾಟಿನ್ ಮೂಲದವು. ಆದರೆ ‘ಮೇ’, ‘ಕ್ಯಾನ್’, ‘ಮಸ್ಟ್’ ಅವರ ಮನೆಯವೇ. ಅವುಗಳಿಗೆ ಪ್ರಥಮಪುರುಷದ (‘ಹಿ’, ‘ಶಿ’) ಏಕವಚನದಲ್ಲೂ ‘ಎಸ್’ ಹತ್ತದಿರುವುದಕ್ಕೆ ಆ ಹಳೆಯ ಹುಟ್ಟೇ ಕಾರಣ. ಕನ್ನಡದಲ್ಲೂ ಎರವಲು ನುಗ್ಗಿರುವುದು ‘ಸಾಧ್ಯತೆ’, ‘ಅನುಮತಿ’ಗಳಂಥ ನಾಮಪದಗಳಲ್ಲಿ. ಬಹುದು, ಬೇಕು, ಬಾರದು, ಕೂಡದು, ಲಾರದು ಅಲುಗಾಡಿಲ್ಲ. ವಾಕ್ಯವನ್ನು ಕ್ರಿಯಾಪದದಿಂದ ಕಟ್ಟಿದರೆ ನಿಮ್ಮಿಬ್ಬರ ಜಗಳಕ್ಕೆ ಪದವೇ ಸಿಗುವುದಿಲ್ಲ.

ಸು. ಅವರು ಇನ್ನೊಂದು ಗಮನಿಸಲಿ. ‘ಸುಳ್ಳು ಹೇಳಬಾರದು’ ಎಂಬುದು ನೀತಿ, ‘ಒಳಗೆ ಬರಕೂಡದು’ ಎಂಬುದು ತಡೆ. ಆಡುಮಾತಿನಲ್ಲಿ ಗಡಿ ಸಡಿಲ. ಆದರೂ ಕೈಪಿಡಿಯಲ್ಲಿ ‘ಶುಡ್ ನಾಟ್’ಗೆ ಬಾರದು, ‘ಶಾಲ್ ನಾಟ್’ ಮತ್ತು ‘ಮಸ್ಟ್ ನಾಟ್’ಗೆ ಕೂಡದು ಎಂದು ಮೊದಲ ಪುಟದಲ್ಲೇ ಕಟ್ಟಿಬಿಡಿ, 1997ರ ಆರ್‌ಎಫ್‌ಸಿ 2119 ಎಂಬ ದಾಖಲೆ ಇಂಟರ್ನೆಟ್ ಮಾನಕಗಳಿಗೆ ಮಾಡಿದ್ದು ಇದನ್ನೇ. ‘ಶಾಲ್’ಗೆ ಕಾನೂನಿನ ಕನ್ನಡದ ‘ತಕ್ಕದ್ದು’ ಇದೆ, ಕೈಪಿಡಿಗೆ ಸ್ವಲ್ಪ ಬಿರುಸು.

– ವಿ.

----

ಎಲ್ಲರಿಗೂ ವಂದನೆ. ಉ-ದ ಹಿಂದಿನ ಸಾಲು ನೋಡಿದೆ, ಹಾನಿ ಆಗಿಹೋಗಿದೆ, ಹಾಗಾಗಿ ‘ತಪ್ಪಿಸಬಹುದಿತ್ತು’. ಈ-ಗೆ ‘ಉಂಟು’, ಅದರ ಕೆಳಗೆ ಎಚ್ಚರಿಕೆಯ ಚಿಹ್ನೆಯ ಪಕ್ಕ ‘ಮುಟ್ಟಬೇಡಿ, ಕೈ ಸುಟ್ಟೀತು’. ಶಂ. ಅವರ ರೂಪಕ್ಕೂ ಜಾಗ ಸಿಕ್ಕಿತು. ಫಲಕಕ್ಕೆ ಕಳಿಸುತ್ತಿರುವುದು:

ಕೆಂಪು ದೀಪ ಉರಿಯುತ್ತಿರುವಾಗ ಸಂದರ್ಶಕರು ಒಳಗೆ ಬರಕೂಡದು

– ಸು.

----

ಫಲಕ ಬಾಗಿಲ ಹೊರಮೈಯಲ್ಲಿ ತಾನೇ? ‘ಬರಕೂಡದು’ ಎಂದರೆ ಹೇಳುವವನು ಒಳಗಿದ್ದಾನೆ. ಒಳಗೆ ಕೆಲಸ ಮಾಡುವವರ ಮಾತಾದರೆ ಇರಲಿ, ಇಲ್ಲದಿದ್ದರೆ ‘ಹೋಗಕೂಡದು’. ಮತ್ತೆ ‘ಸಂದರ್ಶಕರು’ ಎಂದರೆ ಪತ್ರಿಕೆಗೆ ಸಂದರ್ಶನ ಮಾಡುವವರು ಎಂದೂ ಆಗುತ್ತದೆ, ‘ಹೊರಗಿನವರು’ ಸಾಕು.

– ಶಂ.