ಆಡುಸೋಗೆ ಪ್ಲೇಟಿನ ಬಾಲ: ರಸಾಯನಶಾಸ್ತ್ರದ ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ

ಪಾಟೀಲ (ಹಾವೇರಿ): ಆಡುಸೋಗೆ ಎಲೆಯ ಆಲ್ಕಲಾಯ್ಡ್ (ಸಸ್ಯದ ಸಾರಜನಕಯುಕ್ತ ಪ್ರತ್ಯಾಮ್ಲ) ಸಾರವನ್ನು ನಮ್ಮ ವಿದ್ಯಾರ್ಥಿಗಳು ಸಿಲಿಕಾ ಪ್ಲೇಟಿನ ಮೇಲೆ, ಏರುವ ದ್ರಾವಕದಿಂದ ಅದರ ವಸ್ತುಗಳು ಬೇರೆಬೇರೆ ಚುಕ್ಕೆಗಳಾಗುವಂತೆ, ಓಡಿಸಿದ ಚಿತ್ರವನ್ನು ಮೇಲೆ ಹಾಕಿದ್ದೇನೆ. ದ್ರಾವಕ ಕ್ಲೋರೋಫಾರ್ಮ್ ಮತ್ತು ಮೆಥನಾಲ್, 9:1. ಆಲ್ಕಲಾಯ್ಡ್ ಇದ್ದಲ್ಲಿ ಬಣ್ಣ ತೋರುವ ಡ್ರಾಗೆನ್‌ಡಾರ್ಫ್ ದ್ರಾವಣ ಸಿಂಪಡಿಸಿದಾಗ ಕಿತ್ತಳೆ ಬಣ್ಣದ ಚುಕ್ಕೆ ಬಂದಿದೆ, ಆದರೆ ಅದು ಆರಂಭದ ಗೆರೆಯವರೆಗೂ ಬಾಲ ಬಿಟ್ಟಿದೆ. ಮೆಥನಾಲ್ ಪ್ರಮಾಣವನ್ನು ಹೆಚ್ಚಿಸಿ 8:2 ಮಾಡಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಇದೇ ಸಾರವನ್ನು ಹೆಚ್ಚಿನ ಪ್ರಮಾಣದಲ್ಲಿ ಬೇರ್ಪಡಿಸಲು ನಾಳೆ ಕಾಲಂ (ಸಿಲಿಕಾ ತುಂಬಿದ ಗಾಜಿನ ಕೊಳವೆ) ತುಂಬುವವರಿದ್ದೇವೆ.

ಹಿರೇಮಠ (ಗದಗ): ಪಾಟೀಲರೇ, ದಯವಿಟ್ಟು ನಾಳೆಯೇ ತುಂಬಬೇಡಿ. ಮೆಥನಾಲ್ ಹೆಚ್ಚಿಸಿದರೆ ಚುಕ್ಕೆ ಇನ್ನಷ್ಟು ಮೇಲೇರುತ್ತದೆ, ಜೊತೆಗೆ ಬಾಲವೂ ಏರುತ್ತದೆ. ಸಿಲಿಕಾದ ಮೈಮೇಲಿರುವ ಸೈಲನಾಲ್ (Si–OH) ಗುಂಪುಗಳು ಆಮ್ಲೀಯ, ಆಡುಸೋಗೆಯ ಮುಖ್ಯ ಆಲ್ಕಲಾಯ್ಡ್ ಆದ ವ್ಯಾಸಿಸಿನ್ ಪ್ರತ್ಯಾಮ್ಲ; ಇವೆರಡೂ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಒಂದಿಷ್ಟು ವಸ್ತು ಹಿಂದೆ ಉಳಿಯುತ್ತದೆ. ಆ ಹಿಡಿತವನ್ನು ಮೊದಲು ಬಿಡಿಸಬೇಕು. ಅಮೋನಿಯಾವನ್ನೋ ಡೈಈಥೈಲ್‌ಅಮೀನನ್ನೋ ಶೇ. 1ರಷ್ಟು ಸೇರಿಸಿ ನೋಡಿ. ಅದು ಸೈಲನಾಲ್‌ಗಳನ್ನು ಹಿಡಿದುಕೊಂಡರೆ ವ್ಯಾಸಿಸಿನ್ ಚುಕ್ಕೆ ದುಂಡಗಾಗುತ್ತದೆ. ಮೆಥನಾಲ್ ಎಷ್ಟಿರಬೇಕೆಂಬ ಪ್ರಶ್ನೆ ಅದಾದ ಮೇಲಿನದು.

ಪಾಟೀಲ: ಆಲ್ಕಲಾಯ್ಡ್‌ಗಳಿಗೆ ಟಾಲೂಯಿನ್, ಈಥೈಲ್ ಅಸಿಟೇಟ್, ಡೈಈಥೈಲ್‌ಅಮೀನ್ 7:2:1 ಮಿಶ್ರಣವೇ ರೂಢಿಯಲ್ಲಿದೆಯಲ್ಲ. ಹಾಗಿದ್ದರೆ ಅದನ್ನೇ ನೇರವಾಗಿ ಕಾಲಂಗೆ ಬಳಸಬಾರದೇಕೆ?

ಹಿರೇಮಠ: ಪ್ಲೇಟಿಗೆ ಅದು ಒಳ್ಳೆಯ ಆರಂಭ, ಕಾಲಂಗೆ ಅಲ್ಲ. ಟಾಲೂಯಿನ್ 110 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕುದಿಯುತ್ತದೆ. ಕಾಲಂನಿಂದ ಇಳಿದ ಲೀಟರುಗಟ್ಟಲೆ ದ್ರಾವಣದಿಂದ ಅದನ್ನು ಹಾರಿಸುವಷ್ಟರಲ್ಲಿ ನಿಮ್ಮ ಆಲ್ಕಲಾಯ್ಡ್ ಅನಗತ್ಯವಾಗಿ ಬಿಸಿಯಲ್ಲಿರುತ್ತದೆ. ಈಥೈಲ್ ಅಸಿಟೇಟ್ ಮತ್ತು ಮೆಥನಾಲ್‌ಗೆ ತುಸು ಅಮೋನಿಯಾ ಸೇರಿಸಿ, ಪ್ಲೇಟಿನ ಮೇಲೆ ಆರ್‌ಎಫ್ (ದ್ರಾವಕ ಏರಿದ ದೂರದಲ್ಲಿ ಚುಕ್ಕೆ ಏರಿದ ಪಾಲು) 0.2ರಿಂದ 0.3ರ ನಡುವೆ ನಿಲ್ಲುವಂತೆ ಹೊಂದಿಸಿ. ಅದಕ್ಕಿಂತ ಮೇಲಿದ್ದರೆ ಕಾಲಂನಲ್ಲಿ ಎಲ್ಲವೂ ಒಟ್ಟಿಗೇ ಇಳಿದುಬರುತ್ತದೆ.

ಪಾಟೀಲ: ಕ್ಲೋರೋಫಾರ್ಮ್ ತೆಗೆದು ಈಥೈಲ್ ಅಸಿಟೇಟ್ ಹಾಕಿದರೆ ಏನು ಬದಲಾಗುತ್ತದೆ? ಧ್ರುವೀಯತೆಯ ಸೂಚ್ಯಂಕ ಕ್ಲೋರೋಫಾರ್ಮಿನದು 4.1, ಈಥೈಲ್ ಅಸಿಟೇಟಿನದು 4.4. ಚುಕ್ಕೆಯನ್ನು ಮೇಲೇರಿಸುವ ಬಲದಲ್ಲಿ ಅವೆರಡೂ ಒಂದೇ ಎಂದು ನಾನು ವಾದಿಸುತ್ತೇನೆ.

ಕುಲಕರ್ಣಿ ಮೇಡಂ (ಧಾರವಾಡ): ಬಲ ಸಮೀಪದ್ದೇ ಇರಬಹುದು ಸರ್, ಗುಣ ಒಂದೇ ಅಲ್ಲ. ಕ್ಲೋರೋಫಾರ್ಮ್ ಹೈಡ್ರೋಜನ್ ಬಂಧಕ್ಕೆ ಪ್ರೋಟಾನನ್ನು ಒಡ್ಡುತ್ತದೆ, ಈಥೈಲ್ ಅಸಿಟೇಟ್ ಪ್ರೋಟಾನನ್ನು ಸ್ವೀಕರಿಸುತ್ತದೆ. 1974ರಲ್ಲಿ ವರ್ಣಲೇಖನ ತಜ್ಞ ಸ್ನೈಡರ್ ಅವರು ದ್ರಾವಕಗಳನ್ನು ಎಂಟು ಗುಂಪುಗಳಾಗಿ ವಿಂಗಡಿಸಿದ್ದು ಈ ಗುಣಗಳನ್ನು ನೋಡಿಯೇ. ಆರ್‌ಎಫ್ ಸರಿಯಿದ್ದೂ ಎರಡು ಚುಕ್ಕೆಗಳು ಬೇರೆಯಾಗದಿದ್ದಾಗ ಅನುಪಾತವನ್ನು ಹಿಂದೆಮುಂದೆ ಎಳೆಯುವುದಕ್ಕಿಂತ ಬೇರೆ ಗುಂಪಿನ ದ್ರಾವಕಕ್ಕೆ ಹೋಗುವುದು ಮೇಲು. ವಿದ್ಯಾರ್ಥಿಗಳ ಆರೋಗ್ಯದ ದೃಷ್ಟಿಯಿಂದಲೂ ಕ್ಲೋರೋಫಾರ್ಮ್ ಬಿಡುವುದನ್ನು ನಾನು ಒತ್ತಾಯಿಸುತ್ತೇನೆ.

ಪಾಟೀಲ: ಒಪ್ಪುವ ಮೊದಲು ಒಂದು ಮಾತು. ಚಿತ್ರವನ್ನು ಹಿಗ್ಗಿಸಿ ನೋಡಿ. ಬಾಲದ ನಡುವೆ ಮಸುಕಾದ ಇನ್ನೊಂದು ಚುಕ್ಕೆಯಿದೆ. ಅದು ಎಲೆಯಲ್ಲೇ ಇರುವ ಎರಡನೆಯ ಆಲ್ಕಲಾಯ್ಡ್ ಎಂದು ವಿದ್ಯಾರ್ಥಿಗಳು ನಂಬಿದ್ದಾರೆ, ನಾನೂ ನಂಬಿದ್ದೇನೆ.

ಕುಲಕರ್ಣಿ ಮೇಡಂ: ನನ್ನ ಸಂಶಯ ಅಲ್ಲೇ ಇದೆ. ವ್ಯಾಸಿಸಿನ್ ಗಾಳಿಯ ಸಂಪರ್ಕದಲ್ಲಿ ಉತ್ಕರ್ಷಣಗೊಂಡು ವ್ಯಾಸಿಸಿನೋನ್ ಆಗುತ್ತದೆ, ಆದ್ದರಿಂದ ಆ ಚುಕ್ಕೆ ಪ್ಲೇಟಿನ ಮೇಲೆಯೇ ಹುಟ್ಟಿರಲೂಬಹುದು. ಚೌಕಾಕಾರದ ಪ್ಲೇಟಿನ ಒಂದು ಮೂಲೆಯಲ್ಲಿ ಸಾರವನ್ನಿಟ್ಟು ಓಡಿಸಿ, ಒಣಗಿಸಿ, 90 ಡಿಗ್ರಿ ತಿರುಗಿಸಿ ಅದೇ ದ್ರಾವಕದಲ್ಲಿ ಮತ್ತೊಮ್ಮೆ ಓಡಿಸಿ. ಯಾವುದೂ ಬದಲಾಗದಿದ್ದರೆ ಎಲ್ಲ ಚುಕ್ಕೆಗಳೂ ಕರ್ಣರೇಖೆಯ ಮೇಲೆ ಕೂರುತ್ತವೆ. ಪಕ್ಕಕ್ಕೆ ಸರಿದು ನಿಂತ ಚುಕ್ಕೆ ಎರಡು ಓಟಗಳ ನಡುವೆ ಹುಟ್ಟಿದ್ದು. ಅದನ್ನು ಯಾವ ದ್ರಾವಕ ಮಿಶ್ರಣವೂ ಸರಿಪಡಿಸಲಾರದು.

ಹಿರೇಮಠ: ಡೈಈಥೈಲ್‌ಅಮೀನ್ ಬಳಸಿದ್ದರೆ ಸಿಂಪಡಿಸುವ ಮೊದಲು ಪ್ಲೇಟನ್ನು ಬಿಸಿಮಾಡಿ ಅದನ್ನು ಪೂರ್ತಿ ಹಾರಿಸಿಬಿಡಿ. ಉಳಿದುಕೊಂಡರೆ ಡ್ರಾಗೆನ್‌ಡಾರ್ಫ್ ಬಣ್ಣ ಕೆಡುತ್ತದೆ, ಕರ್ಣರೇಖೆ ಓದಲು ಬರುವುದಿಲ್ಲ.

ಪಾಟೀಲ: ಕಾಲಂ ಮುಂದೂಡಿದ್ದೇನೆ. ಆದರೂ ಕ್ಲೋರೋಫಾರ್ಮ್, ಮೆಥನಾಲ್, ಅಮೋನಿಯಾ ಮಿಶ್ರಣವನ್ನು ಹೋಲಿಕೆಗಾಗಿ ಒಂದು ಪ್ಲೇಟಿನಲ್ಲಿ, ಫ್ಯೂಮ್ ಹುಡ್ ಒಳಗೆ, ಓಡಿಸಿಯೇ ತೀರುತ್ತೇನೆ; ಎರಡೂ ಪ್ಲೇಟುಗಳ ಚಿತ್ರ ಇಲ್ಲಿಗೇ ಬರುತ್ತದೆ.