ನಾಲ್ಕು ವರ್ಷದ ಮಗಳಿಗೆ ಏಳು ಪಾಸಿಟಿವ್: ನೀವೇನು ಮಾಡಿದಿರಿ?

ಕೇಳಿದವರು: ಮಗಳಿಗೆ ಹುಟ್ಟಿದ ಮೂರನೇ ತಿಂಗಳಿಂದ ಇಸುಬು, ಈಗ ಬೆಳಗಾದರೆ ಸೀನು. ಅಲರ್ಜಿ ಪತ್ತೆಗೆ ಮಾಡಿಸಿದ ಐಜಿಇ ರಕ್ತಪರೀಕ್ಷೆಯ ವರದಿಯಲ್ಲಿ ಹಾಲು, ಮೊಟ್ಟೆ, ದೂಳುನುಸಿ, ಬೆಕ್ಕು ಸೇರಿ ಏಳು ಪಾಸಿಟಿವ್. ಹಾಲು, ಮೊಟ್ಟೆ ಈವರೆಗೆ ತೊಂದರೆಯಿಲ್ಲದೆ ತಿನ್ನುತ್ತಿದ್ದಾಳೆ. ನನಗೂ ಉಬ್ಬಸವಿದೆ. ಅನುಭವವಿದ್ದವರು ಹೇಳಿ.

ಸುಟ್ಟುಕೊಂಡ ತಾಯಿ: ಆ ಕಾಗದವನ್ನು ನಂಬಿ ಕೆಟ್ಟವಳು ನಾನು. ಮಗನಿಗೆ ಹಾಲು, ಮೊಟ್ಟೆ, ಗೋಧಿ ಮೂರನ್ನೂ ಹದಿನಾಲ್ಕು ತಿಂಗಳು ಬಿಡಿಸಿದೆ. ಇಸುಬು ಇದ್ದಲ್ಲೇ ಇತ್ತು. ತೂಕ ಏರುವುದು ಮಾತ್ರ ನಿಂತಿತು. ಎರಡನೆಯ ವೈದ್ಯರು ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಚೂರು ಚೂರಾಗಿ ತಿನ್ನಿಸಿ ನೋಡಿದರು. ಗೋಧಿಗೂ ಮೊಟ್ಟೆಗೂ ಏನೂ ಆಗಲಿಲ್ಲ. ಹಿಂದೆ ದಿನಕ್ಕೆರಡು ಲೋಟ ಕುಡಿಯುತ್ತಿದ್ದ ಹಾಲಿಗೆ ಹತ್ತೇ ನಿಮಿಷದಲ್ಲಿ ಮೈತುಂಬ ಗಂಧೆ, ತುಟಿ ಊತ, ಕೆಮ್ಮು. ತೊಡೆಗೆ ಜೀವ ಉಳಿಸುವ ಅಡ್ರಿನಲಿನ್ ಚುಚ್ಚಬೇಕಾಯಿತು. ಇಸುಬಿನ ಮಗುವಿಗೆ ಒಗ್ಗಿದ್ದನ್ನು ಬಹುಕಾಲ ನಿಲ್ಲಿಸಿದರೆ ಹೀಗಾಗುವುದುಂಟಂತೆ. ಮೊದಲೇ ಹೇಳಲು ಯಾರಿಗೂ ಬಾಯಿರಲಿಲ್ಲ.

ಇಂಜೆಕ್ಷನ್ ಮುಗಿಸಿದವನು: ಆಹಾರದ ಗೊಡವೆ ನನಗಿಲ್ಲ. ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆಯಲ್ಲಿ ದೂಳುನುಸಿಗೆ 9 ಮಿಲಿಮೀಟರ್ ಉಬ್ಬು ಬಂದಿತ್ತು. 3 ಇದ್ದರೇ ಪಾಸಿಟಿವ್. (ಮೊದಲ ಸಲ ಹಿಂದಿನ ರಾತ್ರಿ ಸೆಟ್ರಿಜಿನ್ ನುಂಗಿ ಹೋಗಿದ್ದೆ. ಆ ಅಲರ್ಜಿ ಮಾತ್ರೆ ಉಬ್ಬನ್ನು ಅಡಗಿಸುತ್ತದೆ, ಒಂದು ವಾರ ಬಿಟ್ಟು ಬನ್ನಿ ಎಂದು ವಾಪಸ್ ಕಳುಹಿಸಿದರು. ಆ ವಾರದ ಅವಸ್ಥೆ ಶತ್ರುವಿಗೂ ಬೇಡ.) ನುಸಿಯ ಅಂಶವನ್ನೇ ಚೂರು ಚೂರಾಗಿ ಚುಚ್ಚಿ ಮೈಗೆ ಒಗ್ಗಿಸುವ ಇಂಜೆಕ್ಷನ್ ಹದಿನಾರು ವಾರ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು, ನಾಲ್ಕು ವರ್ಷ. ಚುಚ್ಚಿದ ಮೇಲೆ ಪ್ರತಿ ಸಲ ಅರ್ಧ ಗಂಟೆ ಅಲ್ಲೇ ಕಾಯುವುದು. ನಡುವೆ ಉಬ್ಬಸ ಕೆರಳಿ ಎರಡು ತಿಂಗಳು ತಪ್ಪಿತು. ಡೋಸ್ ಇಳಿಸಿ ಮತ್ತೆ ಏರಿಸಿದರು. ಒಟ್ಟು 63 ಚುಚ್ಚು, ಎಣಿಸಿದ್ದೇನೆ. ಈಗ ಮೂಗಿನ ಸ್ಪ್ರೇ ಅವಧಿ ಮೀರಿ ಕಪಾಟಿನಲ್ಲಿ ಕೂತಿದೆ. ಛಲ ಬೇಕು, ಅಷ್ಟೇ.

ಸುಟ್ಟುಕೊಂಡ ತಾಯಿ: ಛಲವೇ? ನಿಮ್ಮದು ಸೀನು ಸ್ವಾಮಿ, ನಮ್ಮದು ಮಗುವಿನ ಜೀವ.

ಇಂಜೆಕ್ಷನ್ ಮುಗಿಸಿದವನು: ಎರಡು ರಾತ್ರಿ ಆಮ್ಲಜನಕದ ಮೇಲಿದ್ದವನಿಗೆ ಸೀನಿನ ಮಾತು ಹೇಳಬೇಡಿ ಮೇಡಂ.

ಬೆಕ್ಕಿಲ್ಲದವಳು: ನಮ್ಮವರ ವರದಿಯಲ್ಲಿ ಬೆಕ್ಕು ಪಾಸಿಟಿವ್ ಎಂದು ಕಂಡು, ಒಂಬತ್ತು ವರ್ಷ ಸಾಕಿದ ಬೆಕ್ಕನ್ನು ಕೊಟ್ಟುಬಿಟ್ಟೆ. ಬೆಕ್ಕು ಹೋದರೂ ಅದರ ಜೊಲ್ಲು, ಚರ್ಮದ ಹೊಟ್ಟು ತಿಂಗಳುಗಟ್ಟಲೆ ಮನೆಯಲ್ಲಿರುತ್ತದೆ ಎಂದರು. ಸೋಫಾ ಹೊರಗೆ ಹಾಕಿದೆ, ಪರದೆ ಬಿಸಾಡಿದೆ, ಗೋಡೆ ಒರೆಸಿದೆ. ವರ್ಷವಾದರೂ ನಮ್ಮವರ ಸೀನು ನಿಲ್ಲಲಿಲ್ಲ. ಕೊನೆಗೆ ನೋಡಿದರೆ ಕಾಟ ಕೊಡುತ್ತಿದ್ದದ್ದು ಹಾಸಿಗೆಯ ದೂಳುನುಸಿ!

ಹಗುರಾದವನು: ತೊಂಬತ್ತು ಆಹಾರಗಳ ಐಜಿಜಿ ಪರೀಕ್ಷೆ ಮಾಡಿಸಿ, ಐಜಿಇ ಬೇರೆ, ಇದು ಬೇರೆ. ನನಗೆ 31 ಬಂತು, ಎಲ್ಲವನ್ನೂ ಬಿಟ್ಟೆ, ಹಗುರಾಗಿದ್ದೇನೆ.

ಸುಟ್ಟುಕೊಂಡ ತಾಯಿ: ಐಜಿಜಿ ಹೇಳುವುದು ನೀವು ಅದನ್ನು ತಿಂದಿದ್ದೀರಿ ಎಂದಷ್ಟೇ, ಅಲರ್ಜಿ ಇದೆ ಎಂದಲ್ಲ. 31 ಬಿಟ್ಟರೆ ಯಾರಾದರೂ ಹಗುರಾಗುತ್ತಾರೆ!

ಇಂಜೆಕ್ಷನ್ ಮುಗಿಸಿದವನು: ಬೆಕ್ಕಿನವರೇ, ನುಸಿ ಸಾಯುವಂತೆ ಹೊದಿಕೆಗಳನ್ನು 60 ಡಿಗ್ರಿ ನೀರಿನಲ್ಲಿ ಒಗೆದಿರಾ?

ಬೆಕ್ಕಿಲ್ಲದವಳು: ವಾರವಾರವೂ. ಬಣ್ಣವೆಲ್ಲ ಹೋಯಿತು, ಉಣ್ಣೆಯ ಕಂಬಳಿ ಕುಗ್ಗಿ ಕರವಸ್ತ್ರವಾಯಿತು. ನಮ್ಮವರು ಒಂದು ದಿನವಾದರೂ ಒಗೆದಿದ್ದಾರೆಯೇ, ಅದನ್ನು ಕೇಳಿ.

ಕೇಳಿದವರು: ಹಾಗಾದರೆ ಹಾಲು ಕೊಡುತ್ತಲೇ ಇರಲೇ?

ಬೆಕ್ಕಿಲ್ಲದವಳು: ಬೆಕ್ಕನ್ನು ತೆಗೆದುಕೊಂಡವರು ಈಗ ವಾಪಸ್ ಕೊಡಲು ಒಪ್ಪುತ್ತಿಲ್ಲ.