ಗಾಜಿನ ಬಾಟ್ಲಿಗೆ ಹಚ್ಚಿದ ಬಣ್ಣ ಹಾಲಿನ ಕೆನೆ ತರ ಎದ್ದು ಬರ್ತಿದೆ, ಎಲ್ಲಿ ತಪ್ಪಾಗಿದೆ ಹೇಳ್ತೀರಾ?

ಖಾಲಿಜಾಡಿ:

ಎಲ್ರಿಗೂ ನಮಸ್ಕಾರ. ಸುಮಾರು ಆರು ತಿಂಗಳಿಂದ ಮನೇಲಿ ಖಾಲಿಯಾದ ಗಾಜಿನ ಬಾಟ್ಲಿ, ಜಾರ್ ಒಂದನ್ನೂ ಎಸೀದೆ ಎತ್ತಿಟ್ಕೊಂಡು ಬಂದಿದ್ದೆ, ಹೋದ ತಿಂಗಳು ರಜೆ ಸಿಕ್ತು ಅಂತ ಕೂತ್ಕೊಂಡು ಹನ್ನೊಂದಕ್ಕೂ ಬಣ್ಣ ಹಚ್ದೆ. ನಾಲ್ಕನ್ನ ನೀರು ತುಂಬಿ ಮನಿ ಪ್ಲಾಂಟ್ ಕಡ್ಡಿ ಇಡೋಕೆ, ಉಳಿದದ್ದು ಶೆಲ್ಫ್ ಮೇಲೆ ಸುಮ್ನೆ ಚಂದಕ್ಕೆ. ಹಚ್ಚಿದ ದಿನ ಎಷ್ಟ್ ಚೆನ್ನಾಗಿತ್ತು ಅಂದ್ರೆ ಮನೇಲಿ ಎಲ್ರೂ ಕೈಗೆತ್ಕೊಂಡು ನೋಡಿದ್ರು.

ಮೂರು ವಾರ ಆಗಿದೆ ಅಷ್ಟೇ, ನೀರು ತುಂಬಿಟ್ಟ ನಾಲ್ಕರಲ್ಲಿ ಮೂರಕ್ಕೆ ತಳದ ಹತ್ರ ಗುಳ್ಳೆ ಬಂದಿದೆ. ಏನಿದು ಅಂತ ಒಂದು ಗುಳ್ಳೆನ ಉಗುರಲ್ಲಿ ಎತ್ತಿದ್ರೆ ಚೂರು ಚೂರಾಗಿ ಬರ್ಲಿಲ್ಲ, ಇಡೀ ಬಣ್ಣ ಕಾಲುಚೀಲ ಬಿಚ್ಚಿದ ಹಾಗೆ ಒಂದೇ ಸಲಕ್ಕೆ ಕಳಚಿ ಬಂತು. ಕೈಯಲ್ಲಿ ಹಿಡ್ಕೊಂಡು ನಿಂತ್ಬಿಟ್ಟೆ, ನಿಜವಾಗ್ಲೂ ಬೇಜಾರಾಯ್ತು.

ನಾನು ಮಾಡಿದ್ದು ಇಷ್ಟು: ಬಿಸಿ ನೀರಲ್ಲಿ ನೆನೆಸಿ ಲೇಬಲ್ ತೆಗ್ದೆ, ಉಳಿದ ಅಂಟಿಗೆ ಅಡಿಗೆ ಎಣ್ಣೆ ಮತ್ತು ಅಡಿಗೆ ಸೋಡಾ ಕಲಸಿ ತಿಕ್ಕಿದೆ (ಅಂಟು ತುಂಬಾ ಚೆನ್ನಾಗಿ ಹೋಯ್ತು), ಪಾತ್ರೆ ಸೋಪಲ್ಲಿ ತೊಳೆದು ಬಟ್ಟೇಲಿ ಒರೆಸಿ, ಮಾಮೂಲಿ ಅಕ್ರಿಲಿಕ್ ಬಣ್ಣ ಬ್ರಷ್‌ನಲ್ಲಿ ಎರಡು ದಪ್ಪ ಕೋಟ್ ಹೊಡೆದು ಮಾರನೇ ದಿನ ವಾರ್ನಿಶ್ ಹಾಕ್ದೆ. ಒಂದು ಬಾಟ್ಲಿಗೆ ಮಾತ್ರ ಹೊರಗೆ ಹಚ್ಚೋ ಬದ್ಲು ಒಳಗೆ ಬಣ್ಣ ಸುರಿದು ತಿರುಗಿಸ್ದೆ, ಅದು ಹತ್ತು ದಿನ ಆದ್ರೂ ಒಣಗ್ಲೇ ಇಲ್ಲ.

ಬಣ್ಣ ಕಳಪೆನಾ? ಎಲ್ಲಾ ಕಿತ್ತು ಮತ್ತೆ ಮಾಡೋಕೆ ರೆಡಿ ಇದೀನಿ, ಆದ್ರೆ ಮತ್ತೆ ಹೀಗೇ ಆದ್ರೆ ಮನಸ್ಸು ಮುರಿಯುತ್ತೆ.

ಸಂಜೆಬಣ್ಣ:

ನಂಗೂ ಸೇಮ್ ಆಗಿತ್ತು ಅಕ್ಕ. ನಾನು ವಾರ್ನಿಶ್ ಮೂರು ಕೋಟ್ ಹಾಕ್ದೆ, ಆಮೇಲೆ ಸ್ವಲ್ಪ ದಿನ ಜಾಸ್ತಿ ತಡೀತು. ಸ್ಪ್ರೇ ಪೇಂಟ್ ಟ್ರೈ ಮಾಡಿ ನೋಡಿ, ಬ್ರಷ್‌ಗಿಂತ ಬೆಟರ್ ಅನ್ಸುತ್ತೆ.

ಹಳೆಕುಂಚ:

ಮೇಡಂ, ಅವಸರ ಬೇಡ, ಎಲ್ಲವನ್ನೂ ಕಿತ್ತು ಹಾಕೋಕೆ ಮುಂಚೆ ಮೂರು ವಿಷಯ ನೋಡಿ ಹೇಳಿ. ಕಳಚಿ ಬಂದ ಆ ಬಣ್ಣದ ಸಿಪ್ಪೆಯ ಒಳಮೈ ಹೇಗಿದೆ, ಒರಟಾ ನುಣುಪಾ? ಗುಳ್ಳೆ ಶುರುವಾಗಿದ್ದು ತಳದಿಂದ್ಲಾ ಬಾಯಿ ಕಡೆಯಿಂದ್ಲಾ? ಮೂರನೇದು ಮುಖ್ಯ: ನಾಲ್ಕರಲ್ಲಿ ಮೂರು ಹಾಳಾಗಿದೆ ಅಂದ್ರಿ, ಆ ಒಂದು ಯಾಕೆ ಚೆನ್ನಾಗಿದೆ? ಶೆಲ್ಫ್ ಮೇಲಿರೋದನ್ನೂ ಉಗುರಲ್ಲಿ ಒಂದು ಮೂಲೇಲಿ ಕೆರೆದು ನೋಡಿ, ಯಾವುದು ಗಟ್ಟಿ ಹಿಡ್ಕೊಂಡಿದೆ ಯಾವುದು ಇಲ್ಲ ಅಂತ.

ಖಾಲಿಜಾಡಿ:

ನೋಡಿದೆ ಸರ್. ಸಿಪ್ಪೆಯ ಒಳಮೈ ಕನ್ನಡಿ ತರ ನುಣುಪು, ಬಾಟ್ಲಿ ಮೇಲೆ ಉಬ್ಬಿಕೊಂಡಿರೋ ಅಕ್ಷರ ಕೂಡ ಅದ್ರಲ್ಲಿ ಉಲ್ಟಾ ಅಚ್ಚಾಗಿದೆ. ಗುಳ್ಳೆ ತಳದಿಂದ ಮೇಲಕ್ಕೆ ಹೋಗಿದೆ.

ಇನ್ನೊಂದು ವಿಚಿತ್ರ. ಹನ್ನೊಂದರಲ್ಲಿ ಎರಡು ಮಾತ್ರ ಎಷ್ಟ್ ಕೆರೆದ್ರೂ ಏಳ್ತಿಲ್ಲ, ಒಂದು ಗಿಡ ಇಟ್ಟಿರೋದು ಇನ್ನೊಂದು ಶೆಲ್ಫ್ ಮೇಲಿರೋದು. ಎಲ್ಲಕ್ಕೂ ಅದೇ ಬಣ್ಣ ಅದೇ ಬ್ರಷ್ ಅದೇ ದಿನ. ಯೋಚ್ನೆ ಮಾಡಿದಾಗ ನೆನಪಾಯ್ತು, ಆ ಎರಡೂ ಹೊಸದಾಗಿ ಖಾಲಿಯಾದವಲ್ಲ, ಮೂರು ನಾಲ್ಕು ವರ್ಷದಿಂದ ಅಡಿಗೆಮನೇಲಿ ಸಾಮಾನು ತುಂಬಿಡೋಕೆ ಬಳಸ್ತಿದ್ವಿ, ಅದೆಷ್ಟು ಸಲ ತಿಕ್ಕಿ ತೊಳ್ದಿದೀವೋ ಲೆಕ್ಕ ಇಲ್ಲ. ಅವಕ್ಕೆ ಲೇಬಲ್ ಇರ್ಲಿಲ್ಲ, ಹಾಗಾಗಿ ಎಣ್ಣೆ ಹಚ್ಚಿರ್ಲಿಲ್ಲ.

ಹಳೆಕುಂಚ:

ಉತ್ತರ ನೀವೇ ಹೇಳ್ಬಿಟ್ರಿ. ಬಣ್ಣದ ತಪ್ಪಿಲ್ಲ, ಬ್ರಷ್ ತಪ್ಪಿಲ್ಲ, ಬಣ್ಣ ಕೂತ ಜಾಗ ಸರಿ ಇಲ್ಲ.

ಮರ, ಮಣ್ಣಿನ ಕುಂಡ ಇವು ಬಣ್ಣ ಹೀರ್ಕೊಳ್ತವೆ, ಸಣ್ಣ ಸಣ್ಣ ರಂಧ್ರಕ್ಕೆ ಬಣ್ಣ ಇಳಿದು ಬೇರು ಬಿಟ್ಟ ಹಾಗೆ ಹಿಡ್ಕೊಳ್ಳುತ್ತೆ. ಗಾಜು ಒಂದು ಹನಿನೂ ಹೀರಲ್ಲ. ಅಕ್ರಿಲಿಕ್ ಒಣಗಿದ ಮೇಲೆ ಪ್ಲಾಸ್ಟಿಕ್ ಹಾಳೆ ಇದ್ದಂಗೆ, ತನ್ನನ್ನ ತಾನು ಹಿಡ್ಕೊಳ್ಳೋ ಶಕ್ತಿ ಜಾಸ್ತಿ, ಗಾಜನ್ನ ಹಿಡ್ಕೊಳ್ಳೋ ಶಕ್ತಿ ಕಡಿಮೆ, ಅದಕ್ಕೇ ಕಾಲುಚೀಲದ ತರ ಬಂದಿದ್ದು. ಇದ್ರ ಮಧ್ಯೆ ಎಣ್ಣೆ ಒಂದು ಚೂರು ಉಳಿದಿದ್ರೂ ಮುಗೀತು, ಪಾತ್ರೆ ಸೋಪಲ್ಲಿ ಒಂದು ಸಲ ತೊಳೆದ್ರೆ ಅದು ಪೂರ್ತಿ ಹೋಗಲ್ಲ.

ಆದ್ರೆ ಎಣ್ಣೆ ಅರ್ಧ ಕಥೆ ಅಷ್ಟೇ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದು: ಕಾರ್ಖಾನೇಲಿ ಬಾಟ್ಲಿ ತಯಾರಾಗಿ ಸಾಲಾಗಿ ಓಡೋವಾಗ ಒಂದಕ್ಕೊಂದು ಉಜ್ಜಿ ಗೀರು ಬಿದ್ರೆ ಗಾಜು ದುರ್ಬಲ ಆಗುತ್ತೆ. ಅದಕ್ಕೆ ಸಾಮಾನ್ಯವಾಗಿ ಎರಡು ಪದರ ಕೊಡ್ತಾರೆ. ಗಾಜು ಇನ್ನೂ ಸುಡ್ತಿರೋವಾಗ ತವರದ ಆಕ್ಸೈಡ್ ಪದರ, ಆಮೇಲೆ ತಣ್ಣಗಾದ ಕೊನೇಲಿ ಮೇಣದ ತರ ಜಾರೋ ಪದರ, ಹೆಚ್ಚಾಗಿ ಪಾಲಿಥೀನ್. ಕಣ್ಣಿಗೆ ಕಾಣಲ್ಲ. ಹೊಸ ಬಾಟ್ಲಿ ಎರಡನ್ನ ಒಂದಕ್ಕೊಂದು ಉಜ್ಜಿ ನೋಡಿ ಜಾರುತ್ತೆ, ವರ್ಷಗಟ್ಲೆ ತೊಳೆದ ಬಾಟ್ಲಿ ಉಜ್ಜಿದ್ರೆ ಕಿರ್ ಅಂತ ತಡೆಯುತ್ತೆ. ನಿಮ್ಮ ಆ ಎರಡು ಹಳೇ ಜಾರ್‌ಗಳಲ್ಲಿ ಆ ಪದರ ಸವೆದು ಹೋಗಿದೆ, ಅದಕ್ಕೇ ಬಣ್ಣ ಹಿಡಿದಿದೆ. ಹೊರಗೆ ಬಣ್ಣ ಹಚ್ಚಿದ ಬಾಕಿ ಎಂಟರ ಮೇಲೆ ಮೇಣ, ಅದ್ರ ಮೇಲೆ ಎಣ್ಣೆ, ಅದ್ರ ಮೇಲೆ ಬಣ್ಣ.

ಸಂಜೆಬಣ್ಣ ಅವರು ವಾರ್ನಿಶ್ ಅಂದ್ರು, ಸ್ವಲ್ಪ ದಿನ ತಡೆಯೋದು ನಿಜ, ಆದ್ರೆ ವಾರ್ನಿಶ್ ಮೇಲಿಂದ ಬರೋ ನೀರು ತಡೆಯುತ್ತೆ. ಇಲ್ಲಿ ನೀರು ತಳದ ಅಂಚಿಂದ ಬಣ್ಣದ ಅಡಿಗೆ ನುಗ್ತಿದೆ. ಅಡಿಪಾಯ ಜಾರ್ತಿರೋವಾಗ ಮೇಲೆ ಎಷ್ಟು ಕೋಟ್ ಹಾಕಿ ಏನ್ ಉಪಯೋಗ? ಸ್ಪ್ರೇ ಪೇಂಟ್ ಆದ್ರೂ ಅಷ್ಟೇ.

ಈಗ ಮಾಡ್ಬೇಕಾದ್ದು. ಬಣ್ಣ ಪೂರ್ತಿ ಕಿತ್ತು, ಬಿಸಿ ನೀರಿಗೆ ವಾಷಿಂಗ್ ಸೋಡಾ ಹಾಕಿ (ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಚರ್ಮ ಉರಿಯುತ್ತೆ) ಅರ್ಧ ಗಂಟೆ ನೆನೆಸಿ ತಿಕ್ಕಿ ತೊಳೀರಿ. ಆಮೇಲೆ 400 ನಂಬರ್ ವಾಟರ್ ಪೇಪರ್ (ನೀರಲ್ಲಿ ಒದ್ದೆ ಮಾಡಿ ಉಜ್ಜೋ ಸ್ಯಾಂಡ್ ಪೇಪರ್) ತಗೊಂಡು ಬಾಟ್ಲಿ ನೀರಲ್ಲಿ ಒದ್ದೆ ಇರೋ ಹಾಗೇ ಹೊರಮೈ ಪೂರ್ತಿ ಮೆಲ್ಲಗೆ ಉಜ್ಜಿ, ಹೊಳಪು ಹೋಗಿ ಮಬ್ಬಾದ್ರೆ ಸಾಕು, ಬಲ ಹಾಕಿ ಕೆರೆಯೋದು ಬೇಡ. ಒಣಗಿಸಿ ಉಜ್ಜೋಕೆ ಹೋಗ್ಬೇಡಿ, ಗಾಜಿನ ಪುಡಿ ಗಾಳೀಲಿ ಹಾರಿ ಶ್ವಾಸಕೋಶಕ್ಕೆ ಹೋಗುತ್ತೆ. ಹೀಗೆ ಉಜ್ಜಿದ ಬಾಟ್ಲಿ ಸ್ವಲ್ಪ ದುರ್ಬಲ ಆಗಿರುತ್ತೆ, ಆದ್ರಿಂದ ಬಿಸಿ ಪದಾರ್ಥ ತುಂಬಿಡೋಕೆ ಮತ್ತೆ ಬಳಸ್ಬೇಡಿ, ಅಲಂಕಾರಕ್ಕೆ ಮಾತ್ರ.

ತೊಳೆದ ಮೇಲೆ ಪರೀಕ್ಷೆ ಮಾಡಿ. ಇದನ್ನ ದಯವಿಟ್ಟು ಯಾರೂ ಬಿಡ್ಬೇಡಿ, ಎರಡು ನಿಮಿಷದ ಕೆಲ್ಸ. ಬಾಟ್ಲಿ ಓರೆಯಾಗಿ ಹಿಡಿದು ಮೇಲಿಂದ ತಣ್ಣೀರು ಬಿಡಿ. ನೀರು ಒಂದೇ ತೆಳು ಹಾಳೆಯಾಗಿ ಹರಡಿ ಹಾಗೇ ಅರ್ಧ ನಿಮಿಷ ನಿಂತ್ರೆ ಮೈ ಶುದ್ಧ. ಎಲ್ಲಾದ್ರೂ ಹಾಳೆ ಹರಿದು ನೀರು ಮಣಿ ಮಣಿಯಾಗಿ ನಿಂತ್ರೆ, ಕೆಸುವಿನೆಲೆ ಮೇಲೆ ನಿಲ್ಲುತ್ತಲ್ಲ ಹಾಗೆ, ಆ ಜಾಗದಲ್ಲಿ ಇನ್ನೂ ಎಣ್ಣೆನೋ ಮೇಣನೋ ಇದೆ ಅಂತ ಅರ್ಥ. ಮತ್ತೆ ತೊಳೀರಿ.

ಪಾಸಾದ್ರೆ ಒಣಗಿಸಿ, ನೂಲು ಬಿಡದ ಬಟ್ಟೇಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಂದ್ಸಲ ಒರೆಸಿ. ಕಿಟಕಿ ತೆಗೆದಿಡಿ, ಹತ್ರ ಒಲೆ ದೀಪ ಇರ್ಬಾರ್ದು, ಬೇಗ ಬೆಂಕಿ ಹತ್ಕೊಳ್ಳುತ್ತೆ. ಅಲ್ಲಿಂದಾಚೆ ಬರಿಗೈಲಿ ಬಾಟ್ಲಿ ಮುಟ್ಟಂಗಿಲ್ಲ, ಬಾಯಿಯೊಳಗೆ ಕೋಲು ತೂರಿಸಿ ಹಿಡ್ಕೊಳ್ಳಿ.

ಬಣ್ಣ ತೆಳುವಾಗಿ, ಮೊದಲ ಕೋಟ್ ಅಂದ್ರೆ ಗಾಜು ಇನ್ನೂ ಕಾಣ್ತಿರ್ಬೇಕು, ಅಸಹ್ಯ ಕಂಡ್ರೂ ಪರ್ವಾಗಿಲ್ಲ. ಅದು ಒಣಗಿದ ಮೇಲೆ ಎರಡನೇದು, ಮೂರನೇದು. ತಳದಿಂದ ಅರ್ಧ ಸೆಂಟಿಮೀಟರ್ ಬಿಟ್ಟು ಶುರು ಮಾಡಿ, ಮೇಜಿನ ಮೇಲೆ ಉಜ್ಜೋದೂ ತಪ್ಪುತ್ತೆ ನೀರು ನುಗ್ಗೋದೂ ತಪ್ಪುತ್ತೆ.

ಖಾಲಿಜಾಡಿ:

ಸರ್ ಇದನ್ನ ಮೂರು ಸಲ ಓದಿದೆ. ಈಗ್ಲೇ ಹೋಗಿ ಹೊಸ ಬಾಟ್ಲಿ ಎರಡು ಉಜ್ಜಿ ನೋಡಿದೆ, ನಿಜವಾಗ್ಲೂ ಜಾರುತ್ತೆ, ಹಳೇದು ಕಿರ್ ಅನ್ನುತ್ತೆ! ಇಷ್ಟು ದಿನ ಕೈಯಲ್ಲಿ ಹಿಡಿದಿದ್ರೂ ಗೊತ್ತಾಗಿರ್ಲಿಲ್ಲ.

ಎರಡು ಡೌಟು. ಗಾಜಿಗೇ ಅಂತ ಬರೋ ಅಕ್ರಿಲಿಕ್ ಎನಾಮಲ್ ಬಣ್ಣನ ಓವನ್‌ನಲ್ಲಿ ಇಟ್ಟು ಸುಡ್ಬೇಕು ಅಂತಾರೆ, ಅದು ಕಡ್ಡಾಯನಾ, ಬಾಟ್ಲಿ ಒಡೆಯಲ್ವಾ? ಆಮೇಲೆ ಒಳಗೆ ಸುರಿದ ಬಾಟ್ಲಿ ಏನ್ ಮಾಡ್ಲಿ?

ಹಳೆಕುಂಚ:

ಎನಾಮಲ್ ತಗೊಳ್ಳೋದೇ ಒಳ್ಳೇದು. ಓವನ್ ಕಡ್ಡಾಯ ಅಲ್ಲ, ಹೆಚ್ಚಿನ ಎನಾಮಲ್‌ಗಳು ಗಾಳೀಲೇ ಸುಮಾರು 21 ದಿನಕ್ಕೆ ಗಟ್ಟಿಯಾಗ್ತವೆ. ಮುಟ್ಟಿದ್ರೆ ಒಣಗಿದೆ ಅನ್ಸೋದಕ್ಕೂ ಒಳಗಿಂದ ಗಟ್ಟಿಯಾಗೋದಕ್ಕೂ ತುಂಬಾ ವ್ಯತ್ಯಾಸ ಇದೆ, ಆ ಮೂರು ವಾರ ನೀರು ತಾಗಿಸ್ಬೇಡಿ.

ಓವನ್ ಬಳಸೋದಾದ್ರೆ ತಣ್ಣಗಿರೋ ಓವನ್‌ಗೇ ಬಾಟ್ಲಿ ಇಟ್ಟು ಆಮೇಲೆ ಆನ್ ಮಾಡಿ, ಡಬ್ಬಿ ಮೇಲೆ ಬರೆದಿರೋ ಬಿಸಿ ಎಷ್ಟೋ ಅಷ್ಟು, ಸಾಮಾನ್ಯವಾಗಿ 160 ರಿಂದ 175 ಡಿಗ್ರಿ ಸೆಲ್ಸಿಯಸ್, ಅರ್ಧ ಗಂಟೆ. ಮುಗಿದ ಮೇಲೆ ಆಫ್ ಮಾಡಿ ಬಾಗಿಲು ತೆಗೀದೆ ಒಳಗೇ ತಣ್ಣಗಾಗೋಕೆ ಬಿಡಿ. ಬಾಟ್ಲಿ ಮಾಡೋ ಸೋಡಾ ಲೈಮ್ ಗಾಜು ಬಿಸಿಗೆ ಚೆನ್ನಾಗಿ ಹಿಗ್ಗುತ್ತೆ, ಒಂದು ಕಡೆ ಬಿಸಿ ಒಂದು ಕಡೆ ತಣ್ಣಗೆ ಇದ್ರೆ ಟಪ್ ಅಂತ ಸೀಳುತ್ತೆ. ಓವನ್‌ಗೆ ಇಡೋ ಬೋರೊಸಿಲಿಕೇಟ್ ಗಾಜಿನ ಪಾತ್ರೆ ಅದರ ಮೂರನೇ ಒಂದು ಭಾಗ ಮಾತ್ರ ಹಿಗ್ಗುತ್ತೆ, ಅದಕ್ಕೇ ತಡ್ಕೊಳ್ಳುತ್ತೆ, ಬಾಟ್ಲೀನ ಆ ತರ ನೋಡ್ಬೇಡಿ. ನೀವು ವಾಟರ್ ಪೇಪರಲ್ಲಿ ಉಜ್ಜಿರ್ತೀರಾ, ಹಾಗಾಗಿ ನನ್ನ ಸಲಹೆ ಓವನ್ ಬಿಟ್ಟು 21 ದಿನ ಕಾಯಿರಿ.

ಒಳಗೆ ಸುರಿದದ್ದು: ಬಾಯಿ ಸಣ್ಣ, ಗಾಳಿ ಆಡಲ್ಲ, ತಳದಲ್ಲಿ ಬಣ್ಣ ಮಡುಗಟ್ಟಿದೆ, ಅದಕ್ಕೇ ಒಣಗ್ತಿಲ್ಲ. ಎರಡು ಕಡ್ಡಿ ಮೇಲೆ ಬಾಯಿ ಕೆಳಗಾಗಿ ನಿಲ್ಸಿ, ಹೆಚ್ಚಿನ ಬಣ್ಣ ಸೋರಿ ಹೋಗ್ಲಿ, ಆಮೇಲೆ ನೆಟ್ಟಗಿಟ್ಟು ವಾರಗಟ್ಲೆ ಬಿಡಿ. ಆದ್ರೆ ಅದಕ್ಕೆ ಯಾವತ್ತೂ ನೀರು ಹಾಕ್ಬೇಡಿ, ಒಣ ಹೂವು ಕಡ್ಡಿಗೆ ಮಾತ್ರ. ನೀರು ಬೇಕೇ ಬೇಕು ಅಂದ್ರೆ ಒಳಗೆ ಇನ್ನೊಂದು ಸಣ್ಣ ಟ್ಯೂಬ್ ಇಳಿಸಿ ಅದ್ರಲ್ಲಿ ನೀರಿಡಿ.

ಬೀಜಮೊಳಕೆ:

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ಗಿಡದ ವಿಷಯಕ್ಕೆ. ಬಣ್ಣ ಹಚ್ಚಿರೋ ಬಾಟ್ಲೀಲಿ ಗಿಡ ಇಡೋದು ಒಳ್ಳೇ ಐಡಿಯಾ, ಬೆಳಕು ಬೀಳ್ದಿದ್ರೆ ಪಾಚಿ ಬೆಳೆಯಲ್ಲ ಬೇರಿಗೂ ನೆಮ್ಮದಿ. ಒಂದು ಉದ್ದ ಕಿಂಡಿ ಮಾತ್ರ ಬಣ್ಣ ಹಚ್ಚದೆ ಬಿಡಿ, ನೀರು ಎಷ್ಟಿದೆ ಗೊತ್ತಾಗುತ್ತೆ.

ನನ್ನದೊಂದು ಪ್ರಶ್ನೆ, ಬಣ್ಣ ಹಚ್ಚದ ಬಾಟ್ಲಿ ಒಳಗೆ ಬಿಳೀ ಮಂಜು ತರ ಕೂತಿದೆ, ಎಷ್ಟು ತೊಳೆದ್ರೂ ಹೋಗ್ತಿಲ್ಲ, ಯಾಕೆ?

ಹಳೆಕುಂಚ:

ಗಡಸು ನೀರಿನ ಸುಣ್ಣ ಇದ್ರೆ ವಿನೆಗರ್ ತುಂಬಿ ರಾತ್ರಿ ಬಿಟ್ರೆ ಬೆಳಿಗ್ಗೆ ಕರಗಿರುತ್ತೆ. ವಿನೆಗರ್‌ಗೂ ಹೋಗ್ದೆ, ಒದ್ದೆ ಇದ್ದಾಗ ಮಾಯ ಆಗಿ ಒಣಗಿದಾಗ ಮತ್ತೆ ಕಂಡ್ರೆ ಗಾಜಿನ ಮೈಯೇ ನೀರಿಗೆ ಸವೆದಿದೆ, ಅದು ಹೋಗಲ್ಲ. ಅಂಥ ಬಾಟ್ಲಿಗೆ ಹೊರಗಿಂದ ಬಣ್ಣ ಹಚ್ಚಿ ಗಿಡ ಇಡಿ, ನಿಮ್ಮದೇ ಐಡಿಯಾ.

ಖಾಲಿಜಾಡಿ:

ಐದು ವಾರ ಆದ್ಮೇಲೆ ಬರೀತಿದೀನಿ, ತಡ ಆಯ್ತು, 21 ದಿನ ಮುಟ್ದೆ ಕಾಯೋದೇ ದೊಡ್ಡ ಕಷ್ಟ ಆಯ್ತು.

ಗಟ್ಟಿ ಇದ್ದ ಎರಡನ್ನ ಹಾಗೇ ಬಿಟ್ಟು, ಒಳಗೆ ಬಣ್ಣ ಸುರಿದದ್ದಕ್ಕೆ ಒಣ ಕಡ್ಡಿ ಹಾಕಿ, ಉಳಿದ ಎಂಟಕ್ಕೂ ನೀವು ಹೇಳಿದ ಹಾಗೇ ಮಾಡ್ದೆ. ನೀರಿನ ಪರೀಕ್ಷೇಲಿ ಮೊದಲ ಸಲ ಎಂಟರಲ್ಲಿ ಐದು ಫೇಲು, ಲೇಬಲ್ ಇದ್ದ ಚೌಕಾಕಾರದ ಜಾಗದಲ್ಲೇ ಕರೆಕ್ಟಾಗಿ ನೀರು ಮಣಿಗಟ್ಟಿ ನಿಲ್ತಿತ್ತು, ಯಾರೋ ಗೆರೆ ಎಳೆದಂಗೆ. ಅದನ್ನ ಕಣ್ಣಾರೆ ನೋಡಿದ ಮೇಲೆ ಎಲ್ಲ ಅರ್ಥ ಆಯ್ತು. ಮತ್ತೆ ತೊಳೆದು ಉಜ್ಜಿ ಎಲ್ಲಾ ಪಾಸ್ ಆದ್ಮೇಲೆ ಎನಾಮಲ್ ಮೂರು ತೆಳು ಕೋಟ್.

ನಿನ್ನೆ ಅಗಲದ ಟೇಪ್ ಗಟ್ಟಿಯಾಗಿ ಒತ್ತಿ ಸರ್ರನೆ ಕಿತ್ತು ನೋಡಿದೆ. ಏಳರಲ್ಲಿ ಒಂದು ಚೂರೂ ಬರ್ಲಿಲ್ಲ! ನಾಲ್ಕಕ್ಕೆ ನೀರು ತುಂಬಿ ಗಿಡ ಇಟ್ಟು ಹತ್ತು ದಿನ ಆಯ್ತು, ತಳ ಗಟ್ಟಿಯಾಗಿದೆ. ಎಂಟನೇದ್ರಲ್ಲಿ ಮಾತ್ರ ಕತ್ತಿನ ಹತ್ರ ಒಂದು ಮೊಟ್ಟೆ ಆಕಾರದ ಚೂರು ಟೇಪಿಗೆ ಬಂತು, ನೋಡಿದ್ರೆ ನನ್ನ ಹೆಬ್ಬೆಟ್ಟಿನ ಅಳತೆ. ಆಲ್ಕೋಹಾಲ್‌ನಲ್ಲಿ ಒರೆಸಿದ ಮೇಲೆ ಕೋಲಿಂದ ಜಾರಿತ್ತು, ಬೀಳುತ್ತೆ ಅಂತ ಕೈಲಿ ಹಿಡಿದಿದ್ದೆ. ಇದಕ್ಕೆ ಮತ್ತೆ ಪೂರ್ತಿ ಕಿತ್ತು ಮಾಡ್ಬೇಕಾ ಸರ್?

ಹಳೆಕುಂಚ:

ಬೇಡ ಬೇಡ. ಸುತ್ತಲ ಅಂಚನ್ನ ಟೇಪಿಂದ ಇನ್ನೊಮ್ಮೆ ಪರೀಕ್ಷೆ ಮಾಡಿ, ಸಡಿಲ ಇರೋದೆಲ್ಲ ಬರ್ಲಿ. ಬ್ಲೇಡ್ ತುದೀಲಿ ಅಂಚು ಇಳಿಜಾರು ಮಾಡಿ, ಆ ಜಾಗ ಮಾತ್ರ ಒದ್ದೆ ವಾಟರ್ ಪೇಪರ್, ಆಲ್ಕೋಹಾಲ್, ಮೂರು ತೆಳು ಕೋಟ್. ಆ ಬಾಟ್ಲಿಗೆ ಇನ್ನೊಂದು ಸಲ 21 ದಿನ ಕೊಡಿ. ಮತ್ತೆ ಆ ನಾಲ್ಕು ಗಿಡದ ಬಾಟ್ಲಿಗಳ ಫೋಟೋ ಹಾಕಿ, ನೋಡೋ ಆಸೆ ಇದೆ.